ನೀಲಿ ಬಣ್ಣ ನನ್ನದು, ಕಾಲು ಹಸೈನಾರನದು

ಮಧುಮೇಹ ನಿಗಾ ಯೋಜನೆಯ ಜಿಲ್ಲಾ ಅಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡಬೇಕಿತ್ತು. ಆದರೆ ಮಾನ್ಯ ಯಾವುದು, ಅಮಾನ್ಯ ಯಾವುದು ಎಂದು ತೀರ್ಮಾನಿಸುವ ಅಧಿಕಾರ ನಿಮ್ಮ ಕಚೇರಿಗೆ ಮಾತ್ರ ಉಂಟಂತೆ. ನಮ್ಮ ಶಿರ್ತಾಡಿಯ ಹಸೈನಾರ್ ಬ್ಯಾರಿಯ ಹೆಸರನ್ನು ನೀವು ಇನ್ಸುಲಿನ್ ಪಟ್ಟಿಯಿಂದ ಹೊಡೆದುಹಾಕಿದ್ದೀರಿ. ಅವನ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದೆ ಎಂದು ನಿಮ್ಮ ರಿಜಿಸ್ಟರ್ ಹೇಳುತ್ತದೆ. ಅದು ಸುಳ್ಳು. ರಿಜಿಸ್ಟರಿಗೆ ಆ ಸುಳ್ಳನ್ನು ಕಲಿಸಿದವನು ನಾನೇ.

ಹಸೈನಾರ್ ಇಪ್ಪತ್ತಾರು ವರ್ಷಗಳಿಂದ ಸೈಕಲಿನಲ್ಲಿ ಮೀನು ಮಾರುವವನು. ನಾನು ಮೂವತ್ತು ವರ್ಷ ಸೈಕಲಿನಲ್ಲಿ ಟಪಾಲು ಹಂಚಿದವನು. ಅವನ ಬುಟ್ಟಿಯ ವಾಸನೆ ಮೊದಲು ಬರುತ್ತಿತ್ತು, ನನ್ನ ಚೀಲದ ಸುದ್ದಿ ಆಮೇಲೆ. ನಮ್ಮ ಸ್ನೇಹ ಹುಟ್ಟಿದ್ದು ಒಂದೇ ಪಂಕ್ಚರ್ ಅಂಗಡಿಯಲ್ಲಿ.

ಎರಡು ವರ್ಷದ ಹಿಂದೆ, ಎಂಬತ್ತನಾಲ್ಕನೇ ಇಸವಿಯಲ್ಲಿ, ನಿಮ್ಮ ಯೋಜನೆ ಬಂತು. ಸಕ್ಕರೆ ಕಾಯಿಲೆಯವರಿಗೆಲ್ಲ ಗುಲಾಬಿ ಕಾರ್ಡು ಸಿಕ್ಕಿತು. ತಿಂಗಳ ಮೊದಲ ಗುರುವಾರ ಬಾಟ್ಲಿಯಲ್ಲಿ ಬೆಳಗ್ಗಿನ ಮೂತ್ರ ಹಿಡಿದು ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಸಿಸ್ಟರ್ ಶಶಿಪ್ರಭಾ ಅದರ ಕೆಲವು ಹನಿಗಳನ್ನು ನೀಲಿ ದ್ರಾವಣಕ್ಕೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಾರೆ. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ. ತೀರಾ ಹೆಚ್ಚಿದ್ದರೆ ಇಟ್ಟಿಗೆ ಕೆಂಪು. ಇಲ್ಲಿಯವರೆಗೆ ವಿಜ್ಞಾನ. ಆಮೇಲೆ ಶುರುವಾದದ್ದು ನಿಮ್ಮ ಸುತ್ತೋಲೆಯ ಜ್ಞಾನ. ರೋಗಿಗಳಿಗೆ ಪ್ರೋತ್ಸಾಹ ಸಿಗಲೆಂದು ಎಲ್ಲರ ನಳಿಕೆಗಳನ್ನೂ ಹೆಸರಿನ ಚೀಟಿ ಅಂಟಿಸಿ ಜಗಲಿಯ ಮೇಲೆ ಸಾಲಾಗಿ ಇಡಬೇಕು, ನೀಲಿಯವರಿಗೆ ಚಪ್ಪಾಳೆ ಹೊಡೆಯಬೇಕು ಎಂದು ಬರೆದಿರಿ. ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಬೋರ್ಡಿನಲ್ಲಿ ನೋಡಿ ಬೆಳೆದ ಊರು ನಮ್ಮದು. ನಮಗೆ ಅದು ಪರೀಕ್ಷೆಯೇ ಆಯಿತು. ಹಸೈನಾರನ ನಳಿಕೆ ಪ್ರತಿ ತಿಂಗಳೂ ಇಟ್ಟಿಗೆ ಕೆಂಪು, ಅವನು ಪ್ರತಿ ತಿಂಗಳೂ ಫೇಲ್.

"ಏನು ಬ್ಯಾರಿಗಳೇ, ಈ ಸಲವೂ ಹಂಚಿನ ಕಾರ್ಖಾನೆಯಾ?" ಎಂದು ಅವನಿಂದಲೇ ಬಂಗುಡೆ ಮೀನು ಕೊಳ್ಳುವ ಪರಮೇಶ್ವರಿ ಅಕ್ಕ ಎಲ್ಲರೆದುರು ಕೇಳಿದರು. ಜಗಲಿ ಪೂರ್ತಿ ನಕ್ಕಿತು. ಅವನ ಜೊತೆಗೆಂದು ಹೋಗಿದ್ದ ನಾನೂ ನಕ್ಕೆ.

ಮುಂದಿನ ಗುರುವಾರ ಕೇಂದ್ರದ ಗೇಟಿನ ಹತ್ತಿರ ಅವನು ನಿಂತುಬಿಟ್ಟ. "ನಾನು ಬರುವುದಿಲ್ಲ ಸುಬ್ಬಪ್ಪಣ್ಣ. ನಾಚಿಕೆ ಆಗ್ತದೆ. ಕಾರ್ಡು ಹರಿದು ಬಿಸಾಡ್ತೇನೆ."

"ಬಾಟ್ಲಿ ಇತ್ತ ಕೊಡು ಮಾರಾಯ" ಎಂದೆ.

ನನಗೆ ಎಪ್ಪತ್ತೊಂದಾದರೂ ಸಕ್ಕರೆ ಇರುವುದು ನಾಲಿಗೆಯಲ್ಲಿ ಮಾತ್ರ. ಪಂಪ್ ಶೆಡ್ಡಿನ ಹಿಂದೆ ಹೋಗಿ ಅವನ ಬಾಟ್ಲಿಯನ್ನು ಖಾಲಿ ಮಾಡಿ, ನನ್ನದನ್ನು ತುಂಬಿ ತಂದೆ. ನಳಿಕೆ ಆಕಾಶದಂತೆ ನೀಲಿ! ಚಪ್ಪಾಳೆಯೋ ಚಪ್ಪಾಳೆ. ವಾಪಸು ಬರುವಾಗ ಹಸೈನಾರ್ ನಗು ತಡೆಯಲಾರದೆ ಬಸ್ಸಿನಲ್ಲಿ ಸೀಟಿನಿಂದ ಜಾರಿದ.

ಒಂದು ತಿಂಗಳ ತಮಾಷೆ ಎಂದುಕೊಂಡಿದ್ದೆವು. ಆದರೆ ಒಮ್ಮೆ ಪಾಸಾದವನು ಮತ್ತೆ ಫೇಲ್ ಆಗುವುದು ಹೇಗೆ? ನಾಲ್ಕನೇ ತಿಂಗಳಿಗೆ ಇನ್ನೂ ಮೂವರು ಬಾಟ್ಲಿ ಹಿಡಿದು ಶೆಡ್ಡಿನ ಹಿಂದೆ ಕಾಯುತ್ತಿದ್ದರು, ಅದರಲ್ಲಿ ಒಬ್ಬರು ಮೇಷ್ಟ್ರು. ನಾನು ಬೆಳಗ್ಗೆ ಎರಡು ಚೊಂಬು ನೀರು ಕುಡಿದು ಹೊರಡುತ್ತಿದ್ದೆ. ಊರಲ್ಲಿ ನೇತ್ರದಾನಿಗಳಿದ್ದಾರೆ, ನಾನು ಮೂತ್ರದಾನಿ ಎಂದು ಬೀಗುತ್ತಿದ್ದೆ.

ಮೂರನೇ ನೀಲಿಗೆ ಹಸೈನಾರನ ಇನ್ಸುಲಿನ್ ಅರ್ಧವಾಯಿತು. ಆರನೆಯದಕ್ಕೆ, ಸತತ ಆರು ತಿಂಗಳು ನೀಲಿ ಬಂದವರನ್ನು ಪಟ್ಟಿಯಿಂದ ಬಿಡಬೇಕೆಂಬ ನಿಮ್ಮ ನಿಯಮದಂತೆ, ಪೂರ್ತಿ ನಿಂತಿತು. ಬದಲಿಗೆ ಮಾತ್ರೆ ಬಂತು. ನಾವಿಬ್ಬರೂ ದಡ್ಡರು, ಸೂಜಿ ತಪ್ಪಿತಲ್ಲ ಎಂದು ಖುಷಿಪಟ್ಟೆವು. ನೀವು ಬುದ್ಧಿವಂತರಲ್ಲವೇ? ಅಂಗಿ ಸಡಿಲವಾಗುತ್ತಿದ್ದ, ಕಣ್ಣು ಮಂಜಾಗುತ್ತಿದ್ದ ಮನುಷ್ಯನ ನಳಿಕೆ ಇಷ್ಟು ನೀಲಿ ಹೇಗೆ ಎಂದು ಒಬ್ಬರಿಗಾದರೂ ಅನುಮಾನ ಬರಬೇಡವೇ? ನಿಮ್ಮ ಕಾರ್ಡಿನಲ್ಲಿ ತಂದೆಯ ಹೆಸರಿಗೆ ಜಾಗ ಉಂಟು, ಅಂಚೆ ವಿಳಾಸಕ್ಕೆ ಉಂಟು, ಪಾದಕ್ಕೆ ಇಲ್ಲ. ನೀವು ನಿಗಾ ಇಟ್ಟದ್ದು ಯಾವುದರ ಮೇಲೆ? ಆ ವರ್ಷ ಅತಿ ಹೆಚ್ಚು ಸುಧಾರಣೆ ತೋರಿದ್ದಕ್ಕೆ ನಮ್ಮ ಕೇಂದ್ರಕ್ಕೆ ನಿಮ್ಮ ಪ್ರಶಂಸಾಪತ್ರವೂ ಬಂತು.

ಬೀಡಿ ಕಟ್ಟುತ್ತ ಕೂತಿದ್ದ ಅವನ ಹೆಂಡತಿ ಖತೀಜಮ್ಮ ಒಂದು ಸಂಜೆ ನನ್ನನ್ನು ಕರೆಸಿದರು. "ಚಪ್ಪಲಿಯೊಳಗೆ ಕಲ್ಲು ಇತ್ತು ಸುಬ್ಬಪ್ಪಣ್ಣ. ಇಡೀ ದಿನ ಅದರ ಮೇಲೆಯೇ ಸೈಕಲ್ ತುಳಿದಿದ್ದಾರೆ. ಇವರಿಗೆ ಗೊತ್ತೇ ಆಗಲಿಲ್ಲ." ಸಕ್ಕರೆ ಅವನ ಕಾಲಿನ ನೋವನ್ನೇ ಕೊಂದಿತ್ತು, ಕಲ್ಲು ಒತ್ತಿದಲ್ಲಿ ಎದ್ದ ಹುಣ್ಣು ಎರಡು ತಿಂಗಳಾದರೂ ಮಾಯಲಿಲ್ಲ. ಈಗ ಹೆಬ್ಬೆರಳು ಕಪ್ಪಾಗಿದೆ. ಸಕ್ಕರೆ ಇಳಿಯದಿದ್ದರೆ ಪಾದವನ್ನೇ ತೆಗೆಯಬೇಕಾದೀತು ಎಂದು ಮಂಗಳೂರಿನ ಡಾಕ್ಟರು ಹೇಳಿದ್ದಾರೆ. ಇನ್ಸುಲಿನ್ ಹೊರಗಿನಿಂದ ಕೊಂಡು ಎರಡು ವಾರ ಹಾಕಿಸಿದೆವು. ಬೀಡಿ ಕಟ್ಟುವ ಮನೆಗೂ ನನ್ನ ಪೆನ್ಶನ್ನಿಗೂ ಅದಕ್ಕಿಂತ ಹೆಚ್ಚು ತ್ರಾಣವಿರಲಿಲ್ಲ.

ನಾನು ಕೇಂದ್ರಕ್ಕೆ ಹೋಗಿ ತಪ್ಪೊಪ್ಪಿಕೊಂಡೆ. ಸಿಸ್ಟರ್ ನಕ್ಕರು. "ಸಾಕು ಸುಬ್ಬಪ್ಪಣ್ಣ, ನಿಮ್ಮ ತಮಾಷೆಯ ಬುದ್ಧಿ ನಮಗೆ ಗೊತ್ತುಂಟು." ತಮಾಷೆಯಲ್ಲ ಎಂದು ಅತ್ತು ಹೇಳಿದ ಮೇಲೆ ಅವರ ಮುಖ ಬಿಳಿಚಿತು. ಕೇಂದ್ರದ ಡಾಕ್ಟರು ಹಸೈನಾರನನ್ನು ಕರೆಸಿ ಹುಣ್ಣು ನೋಡಿದರು, ನಿಟ್ಟುಸಿರು ಬಿಟ್ಟರು. "ಔಷಧಿ ಬರುವುದು ಪಟ್ಟಿಯ ಹೆಸರಿಗೆ. ಮತ್ತೆ ಸೇರಿಸಬೇಕಾದ್ರೆ ಮೂರು ತಿಂಗಳು ಸತತ ಕೆಂಪು ಬರಬೇಕು. ನಾನೇನು ಮಾಡ್ಲಿ, ಹೇಳಿ?" ಕೊಳೆಯುವ ಬೆರಳಿಗೆ ಮೂರು ತಿಂಗಳು ತಡೆದುಕೋ ಎಂದು ಯಾವ ಸುತ್ತೋಲೆಯಲ್ಲಿ ತಿಳಿಸುವುದು?

ನಿಮ್ಮ ಕಚೇರಿಗೆ ಬರೆದೆ. ಹಳೆಯ ಮೂತ್ರದ ಮಾದರಿಗಳು ಲಭ್ಯವಿಲ್ಲದ ಕಾರಣ ನನ್ನ ಹೇಳಿಕೆಯನ್ನು ಪರಿಶೀಲಿಸಲಾಗದು ಎಂದು ಉತ್ತರ ಬಂತು. ಹಾಗಾದರೆ ನನ್ನದನ್ನೇ ಪರೀಕ್ಷಿಸಿ ಎಂದೆ. ನಾನು ನೋಂದಾಯಿತ ರೋಗಿಯಲ್ಲವಾದ್ದರಿಂದ ಅದಕ್ಕೆ ಅವಕಾಶವಿಲ್ಲವಂತೆ. ಇಷ್ಟು ಒಳ್ಳೆಯ ತಮಾಷೆ ನನಗೆ ಈ ಜನ್ಮದಲ್ಲಿ ಮಾಡಲು ಬಂದಿಲ್ಲ, ಸ್ವಾಮಿ. ಆದರೆ ನಗು ಬರುವುದಿಲ್ಲ. ಈ ಪತ್ರವನ್ನು ಅಚ್ಚು ಹಾಕಿಸಲು ಪತ್ರಿಕೆಯ ಬಾಗಿಲಿಗೆ ಬಂದದ್ದು ಬೇರೆ ಬಾಗಿಲು ಕಾಣದೆ.

ನನ್ನ ಮೇಲೆ ಕೇಸು ಹಾಕಿ, ಒಪ್ಪಿಕೊಳ್ಳುತ್ತೇನೆ. ಆ ಮೂವರಿಗೆ ನಾನೇ ಹೇಳಿಯಾಗಿದೆ. ಈಗ ಅವರವರ ಬಾಟ್ಲಿ ಅವರವರೇ ತುಂಬುತ್ತಾರೆ. ಜಗಲಿಯ ಆ ಸಾಲನ್ನು ಒಳಗಿಡಿಸಿ, ನಾಚಿಕೆಯಿಂದ ಯಾರ ಸಕ್ಕರೆಯೂ ಇಳಿಯುವುದಿಲ್ಲ. ಕಾರ್ಡಿನಲ್ಲಿ ಕಾಲಿಗೊಂದು ಸಾಲು ಕೊಡಿ. ಇವೆಲ್ಲ ನಿಧಾನಕ್ಕೆ ಆಗಲಿ. ಈ ವಾರ ಆಗಬೇಕಾದದ್ದು ಒಂದೇ: ನಿಮ್ಮವರು ಒಬ್ಬರು ಬಂದು, ಹಸೈನಾರನ ಮೂತ್ರವನ್ನು ಕಣ್ಣೆದುರೇ ಕಾಯಿಸಿ ನೋಡಿ, ಅವನ ಹೆಸರನ್ನು ಪಟ್ಟಿಗೆ ಸೇರಿಸಬೇಕು, ಇನ್ಸುಲಿನ್ ಕಳಿಸಬೇಕು.

ಈ ಪತ್ರದ ವಿಷಯ ಅವನಿಗೆ ಹೇಳಿದೆ. "ನನ್ನ ಹೆಸರು ಹಾಕಿ, ತೊಂದರೆ ಇಲ್ಲ. ನಾನು ಫೇಲ್ ಆದದ್ದು ಮಾತ್ರ ಬರೀಬೇಡಿ" ಎಂದ. ಬರೆದುಬಿಟ್ಟಿದ್ದೇನೆ. ಅವನಿಗೀಗ ಅಕ್ಷರ ಕಾಣುವುದಿಲ್ಲ. ಯಾರಾದರೂ ಇದನ್ನು ಓದಿ ಹೇಳುವ ಮೊದಲು ಔಷಧಿ ಅವನ ಮನೆ ಮುಟ್ಟಲಿ.

ಇಂತಿ,
ಈ ಒಂದು ಸಲ ನನ್ನನ್ನು ನಂಬಿ ಎಂದು ಬೇಡುವ,
ಸುಬ್ಬಪ್ಪ
ನಿವೃತ್ತ ಪೋಸ್ಟ್‌ಮ್ಯಾನ್, ಶಿರ್ತಾಡಿ