ಐಸ್ ಹಾಕದ ಪೆಟ್ಟಿಗೆ

ಜೂನ್ 3, ಬೆಳಗಿನ ಜಾವ 4.10

ಮಗಳ ಕೆಮ್ಮು ಎಬ್ಬಿಸಿತು. ಕೊಡದ ತಳದಲ್ಲಿ ನೀರು ಗುಳುಗುಳು ಅಂದ ಹಾಗೆ. ಬೋರಲು ಮಲಗಿಸಿ ಬೆನ್ನು ತಟ್ಟಿದೆ. ಕುಂಗ್‌ಗೆ ಹದಿನಾಲ್ಕು ತಿಂಗಳು. ಕೆಮ್ಮಿಲ್ಲದ ದಿನ ನೆನಪಿಲ್ಲ.

ಮೀನು ಮಾರ್ಕೆಟ್‌ಗೆ ಹೊರಟ ಅತ್ತೆ ಬಾಗಿಲಲ್ಲೇ ನಿಂತು, "ಬಾಣಂತಿ ತಲೆಗೆ ತಣ್ಣೀರು ಹಾಕ್ಕೊಂಡ್ಯಲ್ಲ, ಅನುಭವಿಸು" ಅಂದರು. ನಾನು ಬಿಎಸ್ಸಿ ಓದಿದವಳು, ನಂಬುವುದಿಲ್ಲ. ಈ ಹೊತ್ತಿನಲ್ಲಿ ಮಾತ್ರ ನಂಬುತ್ತೇನೆ.

ಇವತ್ತು ಡಾಕ್ಟರ್ ಕುಂಗ್ ಮೂಗಿನೊಳಗೆ ಪುಟ್ಟ ಬ್ರಷ್ ಆಡಿಸಿ, ಕೋಶ ತೆಗೆದು ಸೀಸೆಗೆ ಹಾಕಿ ಕೊಡುತ್ತಾರೆ. ಹಾಟ್ ಯಾಯ್ ಪಟ್ಟಣದ ಲ್ಯಾಬಿಗೆ ನಾನೇ ಒಯ್ಯಬೇಕು. ಉಸಿರುದಾರಿಯ ಕೂದಲೆಳೆಗಳು ಹುಟ್ಟಿನಿಂದಲೇ ಕೆಟ್ಟಿವೆಯೋ ಅಂತ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರಂತೆ.

ಜೂನ್ 12

ಲ್ಯಾಬಿನ ಮಾಲೈ ಅಕ್ಕ ಕರೆಸಿದ್ದರು. ಪರದೆಯ ಮೇಲೆ ಕೋಶವಲ್ಲ, ಇಲಿ ಕಡಿದ ಬಟ್ಟೆ. ಎಲ್ಲೆಲ್ಲೂ ತೂತು.

"ಸೀಸೆ ಹೇಗೆ ತಂದೆ?"

"ಅತ್ತೆಯ ಮೀನಿನ ಪೆಟ್ಟಿಗೇಲಿ. ಐಸಿನೊಳಗೆ ಹೂತು. ಇನ್ನೂ ಕೊರೀಲಿ ಅಂತ ಉಪ್ಪೂ ಎರಚಿದ್ದೆ."

"ಅಯ್ಯೋ ತಾಯೀ, ಮಗಳ ಮೂಗನ್ನ ಮೀನು ಅಂದ್ಕೊಂಡ್ಯಾ! ತಂಪಾಗಿದ್ರೆ ಸಾಕು. ಹೆಪ್ಪುಗಟ್ಟಿದ್ರೆ ಐಸಿನ ಹರಳೇ ಕೋಶಾನ ಹರಿದುಬಿಡತ್ತೆ."

ನಾನೇ ಕೆಡಿಸಿದೆ. ಅಲ್ಲೇ ಅತ್ತುಬಿಟ್ಟೆ. ಇನ್ನು ಒಂದು ತಿಂಗಳು ಕುಂಗ್‌ಗೆ ಹೊಸದಾಗಿ ಶೀತ ಮುಟ್ಟದೆ ಇದ್ದರೇ ಮತ್ತೆ ಬ್ರಷ್.

ಅಕ್ಕ ನನ್ನ ಕೆನ್ನೆಗೆ ಅಂಟಿದ್ದ ರೆಪ್ಪೆಕೂದಲನ್ನು ಚಿಮುಟದಲ್ಲಿ ಎತ್ತಿ ಡಬ್ಬಿಗೆ ಹಾಕಿಕೊಂಡರು. "ವಜ್ರದ ಚಾಕೂಲಿ ಕುಯ್ದ ಕೋಶದ ತೆಳು ಪದರ ನೀರಿನ ಮೇಲೆ ತೇಲತ್ತೆ. ಅದನ್ನ ತಳ್ಳೋಕೆ ಇದೇ ಸರಿ, ಕಡ್ಡಿಗೆ ಅಂಟಿಸ್ಕೋತೀನಿ. ನನ್ನವೆಲ್ಲ ಮುಗಿದ್ವು!"

ಆಗಸ್ಟ್ 2

ಎರಡನೇ ಸೀಸೆ ಮುಟ್ಟಿಸಿದೆ. ಪೆಟ್ಟಿಗೆಯಲ್ಲಿ ಐಸಿಲ್ಲ — ತಣ್ಣನೆ ನೀರಿನ ಬಾಟಲಿ, ನಡುವೆ ದಪ್ಪ ಟವೆಲ್. ಪೆಟ್ಟಿಗೆ ತೊಳೆದುಕೊಟ್ಟದ್ದು ಅತ್ತೆ. "ಈ ಸಲ ಉಪ್ಪು ಬೇಡ್ವೇನೇ?" ಅಂದರು. ಇಬ್ಬರೂ ನಕ್ಕೆವು. ಎಷ್ಟು ದಿನವಾಗಿತ್ತು...

ಆಗಸ್ಟ್ 13, ರಾತ್ರಿ 11.40

ಸಂಜೆ ಅಕ್ಕನ ಮೆಸೇಜು: "ಪದರ ಬೆಳ್ಳಿ ಥರ ಬಂದಿದೆ, ಬೇಕಾದಷ್ಟೇ ತೆಳುವಾಗಿ. ನಿನ್ನ ರೆಪ್ಪೆಕೂದಲಲ್ಲೇ ತಳ್ಳಿದೆ. ರಾತ್ರಿ ಮೈಕ್ರೋಸ್ಕೋಪ್ ಸಿಗತ್ತೆ, ನೋಡ್ತೀನಿ."

ಇವರ — ಕುಂಗ್ ಅಪ್ಪನ — ಮೀನಿನ ದೋಣಿ ಬೆಳಗಿನ ಐದಕ್ಕೆ ಹೊರಡುತ್ತದೆ. ಆಮೇಲೆ ಹತ್ತು ದಿನ ಸಿಗ್ನಲ್ ಇಲ್ಲ. "ಏನೇ ಇರ್ಲಿ, ಕೇಳ್ಕೊಂಡೇ ಹೋಗ್ತೀನಿ" ಅಂತ ಬಟ್ಟೆಗಂಟಿಗೆ ತಲೆಯಿಟ್ಟು ಕೂತಿದ್ದಾರೆ. ಅತ್ತೆ ಕುಂಗ್ ಬೆನ್ನು ತಟ್ಟುತ್ತಿದ್ದಾರೆ, ನಾನು ತೋರಿಸಿಕೊಟ್ಟ ಹಾಗೆ.

ಅಕ್ಕ ಚಿತ್ರ ಬರೆದು ತೋರಿಸಿದ್ದರು — ಒಂದೊಂದು ಕೂದಲೆಳೆಯೊಳಗೂ ಸುತ್ತ ಒಂಬತ್ತು ಜೋಡಿ ನಳಿಗೆ, ನಡುವೆ ಎರಡು. ಜೋಡಿಗಳಿಗೆ ಪುಟ್ಟ ಪುಟ್ಟ ತೋಳು. ತೋಳಿಲ್ಲದಿದ್ದರೆ ಎಳೆ ಆಡದು, ಕಫ ಮೇಲೆ ಬಾರದು. ಆದರೆ ಆಗ ರೋಗಕ್ಕೊಂದು ಹೆಸರು ಸಿಗುತ್ತದೆ, ದಿನದಿನದ ಆರೈಕೆ ಗೊತ್ತಾಗುತ್ತದೆ. ಅಂಥ ಮಕ್ಕಳು ಶಾಲೆಗೂ ಹೋಗುತ್ತವೆ, ಈಜುತ್ತವೆ ಕೂಡ ಅಂದರು ಡಾಕ್ಟರ್. ಅತ್ತೆಯ ತಣ್ಣೀರಿನ ಮಾತೂ ಅಲ್ಲಿಗೇ ಮುಗಿಯುತ್ತದೆ.

ಅಕ್ಕಾ, ನೀವಿದನ್ನು ಓದುವುದಿಲ್ಲ, ಗೊತ್ತು. ಆದರೂ... ತೋಳಿದೆಯೋ ಇಲ್ಲವೋ, ಅಷ್ಟೇ ಹೇಳಿ. ಎಷ್ಟೇ ಹೊತ್ತಾಗಲಿ, ಎದ್ದಿರುತ್ತೇನೆ. ಬೆಳಗಾಗುವ ಮೊದಲೇ ಫೋನ್ ಮಾಡಿ ಅಕ್ಕಾ, ಐದರೊಳಗೆ, ಇವರು ದೋಣಿ ಹತ್ತುವ ಮೊದಲು ಒಂದೇ ಒಂದು ಸಲ—