ಬಾಟಲಿ ಬಂದರೆ ಸಾಕೇ, ರೋಗಿ ಬೇಡವೇ?

ತಾಲ್ಲೂಕು ದವಾಖಾನೆಯ ಡಾಕ್ಟರ ಸಾಹೇಬರೇ,

ತಾವು ನನ್ನ ಹೆಂಡತಿ ಸುಂಕಲಮ್ಮನಿಗೆ ಐದು ತಿಂಗಳು ಕೆಮ್ಮಿನ ಔಷಧಿ ಕೊಟ್ಟಿರಿ. ಆ ಐದು ತಿಂಗಳಲ್ಲಿ ಒಮ್ಮೆಯೂ ಅವಳ ಮುಖ ನೋಡಲಿಲ್ಲ. ಮಹಾನವಮಿಗೆ ನಾಲ್ಕು ದಿನ ಇರುವಾಗ ಅವಳು ಕ್ಷಯದಿಂದ ತೀರಿಕೊಂಡಳು. ತಮ್ಮ ರಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಸರ್ಕಾರಿ ಉರ್ದುವಿನಲ್ಲಿ ಇಂದಿಗೂ ‘ಖಾಂಸಿ’, ಅಂದರೆ ಬರೀ ಕೆಮ್ಮು, ಎಂದೇ ಇದೆ. ತಾವು ಕಂಡೇ ಇಲ್ಲದವಳಿಗೆ ಇಷ್ಟು ಖಚಿತವಾಗಿ ರೋಗದ ಹೆಸರು ಬರೆದದ್ದು ಹೇಗೆ ಎಂಬುದು ನನ್ನ ಮೊದಲ ಪ್ರಶ್ನೆ.

ಈ ದವಾಖಾನೆ ಯಾವ ಊರಿನದು ಎಂದು ಈ ಪತ್ರವನ್ನು ಪತ್ರಿಕೆಯಲ್ಲಿ ಓದುವವರು ಹುಡುಕಬೇಕಾಗಿಲ್ಲ. ಅಲ್ಲಿಯ ಪದ್ಧತಿಯನ್ನು ಮಾತ್ರ ತಿಳಿದರೆ ಸಾಕು. ಔಷಧಿಗೆ ಬಾಟಲಿ ನಾವೇ ತರಬೇಕು. ಬೆಳಿಗ್ಗೆ ಕಿಟಕಿ ತೆರೆಯುವ ಮೊದಲೇ ಕಟ್ಟೆಯ ಮೇಲೆ ಬಾಟಲಿಗಳ ಸಾಲು ನಿಂತಿರುತ್ತದೆ. ತಂದವರು ಬೇವಿನ ನೆರಳಿನಲ್ಲಿ ಕುಳಿತಿರುತ್ತಾರೆ. ಹಳೆಯ ಚೀಟಿ ಇದ್ದರೆ ಕಾಂಪೌಂಡರರು ಅದನ್ನು ನೋಡಿ ಬಾಟಲಿ ತುಂಬಿ, ಒಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ತಿಳಿಯಲು ಕಾಗದದ ಪಟ್ಟಿಗೆ ಕಚ್ಚು ಹಾಕಿ ಬಾಟಲಿಗೆ ಅಂಟಿಸಿ ಕೊಡುತ್ತಾರೆ. ರೋಗಿ ಬರಬೇಕಾಗಿಲ್ಲ. ದೂರದ ಹಳ್ಳಿಯವರಿಗೆ ಇದು ಅನುಕೂಲವೆಂದು ತಾವು ತಹಶೀಲ್ದಾರರ ಎದುರು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅನುಕೂಲ ನಿಜ. ಸಾವಿಗೂ ಅನುಕೂಲವಾಯಿತು.

ನಾನು ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ತೂಕ ಮಾಡುವವನು. ಸುಂಕಲಮ್ಮ ಅಲ್ಲಿಯೇ ಅರಳೆ ಆರಿಸುತ್ತಿದ್ದಳು. ಹಂಗಾಮಿನಲ್ಲಿ ಅಲ್ಲಿ ಕೆಮ್ಮದವರಿಲ್ಲ. ಗಾಳಿಯಲ್ಲೆಲ್ಲ ಹತ್ತಿಯ ನವಿರು. ಶಿವರಾತ್ರಿಯ ಹೊತ್ತಿಗೆ ಅವಳು ಕೆಮ್ಮತೊಡಗಿದಾಗ ನಾವು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ದವಾಖಾನೆಗೆ ಬಂದರೆ ಆ ದಿನದ ಕೂಲಿ ಹೋಗುತ್ತಿತ್ತು. ಆದ್ದರಿಂದ ಸಂತೆಯ ದಿನ ನಾನೊಬ್ಬನೇ ಬಾಟಲಿ ಹಿಡಿದು ಬಂದೆ. ಮೊದಲ ಚೀಟಿಯನ್ನು ತಾವೇ ಬರೆದಿರಿ. “ಏನಾಗೈತಿ?” ಎಂದಿರಿ. “ಕೆಮ್ಮು ರೀ” ಎಂದೆ. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಕಾರಹುಣ್ಣಿಮೆಗೆ ಜಿನ್ನು ನಿಂತಿತು. ಹದಿನೈದು ದಿನಗಳಲ್ಲಿ ಉಳಿದ ಹೆಂಗಸರ ಕೆಮ್ಮು ನಿಂತಿತು, ಇವಳದು ನಿಲ್ಲಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಬೆಳಗಾಗುವುದರೊಳಗೆ ಕುಪ್ಪಸ ಬೆವರಿನಿಂದ ತೋಯುತ್ತಿತ್ತು. ರೊಟ್ಟಿ ಮುರಿದು ಹಾಗೆಯೇ ಬಿಡುತ್ತಿದ್ದಳು. ನನಗೆ ಅನುಮಾನ ಬಂದು ಕಿಟಕಿಯಲ್ಲಿ ಕೇಳಿದೆ.

“ಕಾಂಪೌಂಡರ ಸಾಹೇಬ್ರ, ಒಮ್ಮಿ ಆಕೀನ್ನ ಕರಕೊಂಡು ಬರ್ಲೇನ್ರಿ?”

“ಯಾಕ? ಬಾಟ್ಲಿ ಬಂದೈತಲ್ಲ. ಮಂದೀನೂ ಬಂದು ನಿಂತ್ರ ಕಟ್ಟಿ ಸಾಲೂದಿಲ್ಲ.”

“ಜಿನ್ನು ನಿಂತು ತಿಂಗಳಾತ್ರಿ. ಕೆಮ್ಮು ನಿಂತಿಲ್ಲ.”

“ನೀ ತೂಕದಾಂವೋ, ಡಾಕ್ಟರೋ? ಸರಿ ಅತ್ಲಾಗ, ಹಿಂದಿನ ಬಾಟ್ಲಿ ಬರ್ಲಿ.”

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕು ಬಾಟಲಿ ತೆಗೆದುಕೊಂಡು ಬಂದೆ. ಅದು ನನ್ನ ತಪ್ಪು. ಅದನ್ನು ತಮ್ಮ ಮೇಲೆ ಹೊರಿಸುವುದಿಲ್ಲ; ಹೊರಲು ತಮಗೆ ತಮ್ಮದೇ ಬೇಕಾದಷ್ಟಿದೆ.

ರೋಗವನ್ನು ಗುರುತಿಸಿದವಳು ಬಳೆಗಾರ್ತಿ ಜೋಹರಾಬಿ. ಪಂಚಮಿಗೆ ಬಳೆ ಇಡಿಸಲು ಬಂದವಳು ಸುಂಕಲಮ್ಮನ ಕೈ ಹಿಡಿದು ಒಂದಾದ ಮೇಲೊಂದು ಅಳತೆಯ ಬಳೆ ಹಾಕಿ ನೋಡಿದಳು.

“ಯವ್ವಾ, ಹೋದ ವರ್ಷ ಸಬಕಾರ ಹಚ್ಚಿ ಏರಿಸಿದ್ದೆ. ಈಗ ಮೂರು ಅಳತಿ ಸಣ್ಣದು ಹಾಕಿದ್ರೂ ಬಳಿ ಜಾರಾಕತ್ತೈತಿ. ಡಾಕ್ಟರಿಗೆ ತೋರ್ಸಿರೇನ?”

“ಐದು ತಿಂಗಳಿಂದ ತೋರಸಾಕತ್ತೀವಿ” ಎಂದು ಸುಂಕಲಮ್ಮ ಹೇಳಿದಳು. ಅವಳು ಸುಳ್ಳು ಹೇಳಲಿಲ್ಲ, ಸಾಹೇಬರೇ. ಬಾಟಲಿ ಕಳಿಸುವುದೇ ತೋರಿಸುವುದು ಎಂದು ನಾವೆಲ್ಲ ನಂಬಿದ್ದೆವು. ದಿನವಿಡೀ ಹತ್ತಿಯ ಅಂಡಿಗೆ ತೂಗುವ ನನಗೆ ಮನೆಯಲ್ಲಿ ಮೈ ಇಳಿದದ್ದು ಕಾಣಲಿಲ್ಲ. ಬಳೆಗಾರ್ತಿಗೆ ಕಂಡಿತು, ಏಕೆಂದರೆ ಅವಳು ಕೈ ಹಿಡಿದು ನೋಡಿದಳು. ಅವಳಿಗೆ ಸರ್ಕಾರದ ಸಂಬಳವಿಲ್ಲ.

ಮರುವಾರ ರೈಲು ಹತ್ತಿಸಿ ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿಯ ವೈದ್ಯರು ನಾಲ್ಕು ಪ್ರಶ್ನೆ ಕೇಳಿದರು. ಕೆಮ್ಮು ಮೂರು ವಾರ ಮೀರಿದೆಯೇ? ಸಂಜೆ ಜ್ವರ, ಮಲಗಿದಾಗ ಬೆವರು ಉಂಟೇ? ಹಸಿವು ಹೋಗಿ ಮೈ ಇಳಿದಿದೆಯೇ? ಕಫದಲ್ಲಿ ರಕ್ತ ಕಂಡಿದೆಯೇ? ಎದೆಗೆ ನಳಿಗೆ ಹಚ್ಚಿ ಕೇಳಿದರು, ಕಫ ಪರೀಕ್ಷಿಸಿದರು. ಎರಡೂ ಕಡೆಯ ಶ್ವಾಸಕೋಶ ಕೆಟ್ಟಿತ್ತು. “ಮೊದಲ ತಿಂಗಳಾಗ ಬಂದಿದ್ರ ವಿಶ್ರಾಂತಿ, ಗಾಳಿ, ಊಟ ಕೊಟ್ಟು ಉಳಿಸಾಕ ನೋಡಬಹುದಿತ್ತು. ಎಲ್ಲಿದ್ರಿ ಇಷ್ಟು ದಿನ?” ಎಂದರು. ತಮ್ಮ ದವಾಖಾನೆಯ ಕಟ್ಟೆಯ ಮೇಲಿದ್ದೆವು ಎಂದು ಹೇಳಲು ನನಗೆ ನಾಚಿಕೆಯಾಯಿತು.

ಯುದ್ಧದಿಂದ ಔಷಧಿಯ ಅಭಾವವಿದೆ ಎಂದು ತಾವು ಉತ್ತರಿಸಬಹುದು. ಪತ್ರಿಕೆ ಓದುವವನಾದ್ದರಿಂದ ಯುದ್ಧ ನಡೆದಿರುವುದು ನನಗೂ ತಿಳಿದಿದೆ. ನಾಲ್ಕು ಪ್ರಶ್ನೆ ಕೇಳುವುದಕ್ಕೆ ಯಾವ ಹಡಗು ಬರಬೇಕಿತ್ತು? ರೋಗಿಯ ಎದೆಗೆ ಕಿವಿಗೊಡುವುದನ್ನು ಯಾವ ಸೈನ್ಯ ತಡೆದಿತ್ತು?

ಇದನ್ನೆಲ್ಲ ಈಗ ಬರೆಯಲು ಕಾರಣ ನನ್ನ ತಾಯಿ ಪಕ್ಕೀರವ್ವ. ಸೊಸೆಯ ಪಕ್ಕದಲ್ಲಿ ಮಲಗಿ, ಕಡೆಯವರೆಗೆ ಆರೈಕೆ ಮಾಡಿದವಳು ಅವಳೇ. ಅವಳು ಕೆಮ್ಮತೊಡಗಿ ಇಂದಿಗೆ ಇಪ್ಪತ್ತಾರು ದಿನ. ಸಂಜೆಗೆ ಜ್ವರವಿದೆ. ಅವಳು ಎಲೆ ಅಡಿಕೆ ಬಿಟ್ಟು ಕುಳಿತವಳಲ್ಲ. ಉಗುಳಿದ್ದೆಲ್ಲ ಕೆಂಪು, ರಕ್ತ ಯಾವುದು ಎಲೆ ಯಾವುದು ತಿಳಿಯುವ ಬಗೆಯಿರಲಿಲ್ಲ. ಆದ್ದರಿಂದ ಎಂಟು ದಿನದಿಂದ ಎಲೆ ಬಿಡಿಸಿ, ಬೂದಿ ಹಾಕಿದ ಕುಡಿಕೆಯಲ್ಲಿಯೇ ಉಗುಳಬೇಕೆಂದು ಹೇಳಿ, ಅದನ್ನು ದಿನವೂ ಸುಡುತ್ತಿದ್ದೇನೆ. “ಸಾಯೂದ ಆದ್ರ ಬಾಯಿ ಕೆಂಪು ಮಾಡ್ಕೊಂಡೇ ಸಾಯ್ತೀನಿ, ಎಲಿ ಕೊಡಪಾ” ಎಂದು ಬೈಯುತ್ತಾಳೆ. ಕೊಟ್ಟಿಲ್ಲ. ನಿನ್ನೆ ಬೆಳಿಗ್ಗೆ ಕುಡಿಕೆಯಲ್ಲಿ ಬೂದಿಯ ಮೇಲೆ ಕೆಂಪು ಗೆರೆ ಇತ್ತು.

ಬರುವ ಸೋಮವಾರ ಎಂಟು ಗಂಟೆಗೆ ಅವಳನ್ನು ಗಾಡಿಯಲ್ಲಿ ಕರೆತಂದು, ಬಾಟಲಿಗಳನ್ನು ಇಡುವ ಕಟ್ಟೆಯ ಮೇಲೆಯೇ ಕೂಡಿಸುತ್ತೇನೆ. ತಾವು ಹೊರಗೆ ಬಂದು ಅವಳ ಎದೆ ನೋಡಬೇಕು. ಕಫವನ್ನು ಪರೀಕ್ಷೆಗೆ ಕಳಿಸಬೇಕು. ಅಲ್ಲಿ ಅದು ಆಗದಿದ್ದರೆ, ಆಗುವುದಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿರಿ ಎಂದು ಬರೆದುಕೊಡಬೇಕು. ಅಂದೇ ಕಿಟಕಿಯ ಮೇಲೆ, ಮೂರು ವಾರ ಮೀರಿದ ಕೆಮ್ಮಿಗೆ ರೋಗಿಯೇ ಬರಬೇಕು ಎಂದು ಕನ್ನಡದಲ್ಲಿ ಹಲಗೆ ಹಾಕಿಸಬೇಕು. ಓದಲು ಬಾರದವರಿಗೆ ಕಾಂಪೌಂಡರರು ಅದನ್ನು ಬಾಯಿಂದ ಹೇಳಲಿ. ಅವರ ಬಾಯಿ ಚೆನ್ನಾಗಿಯೇ ಇದೆ.

ತಾವು ನೋಡುವವರೆಗೆ ನಾವಿಬ್ಬರೂ ಕಟ್ಟೆಯಿಂದ ಏಳುವುದಿಲ್ಲ.

ಇಂತಿ,
ಒಂದು ಸಲ ತಡವಾಗಿ ಹೊರಟ,
ಜಿನ್ನಿನ ತೂಕದ ಗಾಳೆಪ್ಪ