ಅಪ್ಪನ ಐದು ಸರೋವರಗಳು

ಅಮ್ಮಾ,

ನಿನ್ನೆ ಬೆಟ್ಟದ ಬುಡದ ಊರು ತಲುಪಿದೆವು. ಇದೇ ಎಷ್ಟು ಎತ್ತರವೆಂದರೆ, ಮೆಟ್ಟಿಲು ಹತ್ತಿದರೂ ಏದುಸಿರು. ಯಾವ ದಿನ ಯಾವ ಸರೋವರ, ಎಲ್ಲಿ ಡೇರೆ ಎಂದು ಅಪ್ಪ ಎರಡು ವರ್ಷದಿಂದ ಬರೆದಿಟ್ಟುಕೊಂಡ ಐದು ಸರೋವರಗಳ ಆರು ದಿನದ ಚಾರಣ ನಾಳೆ ಶುರುವಾಗಬೇಕಿತ್ತು.

ಇವತ್ತು ಗೈಡ್ ಹೆಂಗಸು ಎಲ್ಲರ ಬೆರಳಿಗೂ ಕ್ಲಿಪ್ ಹಾಕಿ ಆಮ್ಲಜನಕ ನೋಡಿದಳು. ನನ್ನದು ತೊಂಬತ್ತು, ಅಪ್ಪನದು ಎಪ್ಪತ್ತೆರಡು. ಅವರ ಉಗುರು ನೇರಳೆಯಾಗಿತ್ತು.

"ವಾಂತಿ ಏನಾದ್ರೂ ಆಯ್ತಾ ಯಜಮಾನ್ರೇ?"

"ಏನೂ ಇಲ್ಲಮ್ಮ, ಗುಂಡುಕಲ್ಲಿನ ಹಾಗಿದೀನಿ."

ಬೆಳಿಗ್ಗೆ ಎರಡು ಸಲ ವಾಂತಿ ಮಾಡಿಕೊಂಡಿದ್ದರು. ತಡೆಯಲಾಗದೆ ಹೇಳಿಬಿಟ್ಟೆ. ಆಕೆ ಪಟ್ಟಿಯಲ್ಲಿ ಅವರ ಹೆಸರು ಹೊಡೆದುಹಾಕಿ, ಕೂಡಲೇ ಕೆಳಗಿಳಿಯಬೇಕು ಎಂದಳು.

"ಎಲ್ಲರೆದುರಿಗೆ ಮಾನ ಕಳೆದೆಯಲ್ಲೇ," ಎಂದು ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು. ಅವರ ಉಸಿರು ಎಣಿಸುತ್ತಾ ಪಕ್ಕದಲ್ಲೇ ಕೂತಿದ್ದೆ. ನಾನು ಮಾಡಿದ್ದು ಸರಿ ತಾನೇ, ಅಮ್ಮಾ?

ಮಾತ್ರೆ ಕೊಟ್ಟಿದ್ದೇನೆ, ಗಂಜಿ ಕುಡಿದರು. ಕೆಳಗಿನ ಊರಿನ ಆಸ್ಪತ್ರೆಗೆ ಹೋಗುತ್ತೇವೆ. ಅಲ್ಲಿಂದಲೇ ಫೋನ್ ಮಾಡುತ್ತೇನೆ, ಈ ಅಂಚೆ ಕಾರ್ಡ್ ಆಮೇಲೆ ಬರಲಿ. ಜೀಪು ಹಾರ್ನ್ ಹೊಡೆಯುತ್ತಿದೆ.

ಅಪ್ಪ ಈಗಷ್ಟೇ ಮಂಚದಿಂದ ಕಾಲು ಚಾಚಿದರು. "ಲೇಸ್ ಕಟ್ಟು ಮಗಳೇ. ಬಗ್ಗಿದ್ರೆ ತಲೆ ತಿರುಗುತ್ತೆ."

ಕಟ್ಟಬೇಕು, ಬರಲೇ.

ನಿನ್ನ ಚಿಕ್ಕವಳು